ಬಿಸಿಲು ಬೆಳಕಾದ ಬಗೆ

ಚಿತ್ರದುರ್ಗದ ಸುತ್ತಣ ಬೆಟ್ಟಸಾಲುಗಳ ಮೇಲೆ ಗಾಳಿಯಂತ್ರಗಳು ತಿರುಗುವುದನ್ನು ಹೆದ್ದಾರಿಯಲ್ಲಿ ಹೋಗುವವರೆಲ್ಲರೂ ಕಾಣಬಹುದು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಜನರಿಗೆ ಮಳೆಯ ಅಭಾವ ಹೊಸದಲ್ಲ. ಆದರೆ ಬಿಸಿಲಿಗೂ ಗಾಳಿಗೂ ಇಲ್ಲಿ ಬಡತನವಿಲ್ಲ. ಕಲ್ಲಿದ್ದಲು, ಸೀಮೆಎಣ್ಣೆಗಳು ಉರಿಸಿದಷ್ಟೂ ಮುಗಿಯುತ್ತವೆ. ಬಿಸಿಲು, ಗಾಳಿಗಳಾದರೋ ಬಳಸಿದಷ್ಟೂ ಮತ್ತೆ ದೊರೆಯುತ್ತವೆ. ಆದುದರಿಂದಲೇ ಇವನ್ನು ನವೀಕರಿಸಬಹುದಾದ ಶಕ್ತಿಮೂಲಗಳೆಂದು ಕರೆಯುತ್ತಾರೆ.

ಬೆಟ್ಟದ ಮೇಲೆ ಹುಟ್ಟಿದ ವಿದ್ಯುತ್ತು ತಂತಿಗಳಲ್ಲಿ ಹರಿದು ದೂರದ ಊರುಗಳನ್ನು ಸೇರುತ್ತದೆ. ತಂತಿಯೇ ಬಾರದ ಗುಡಿಸಲಿಗೆ ಬೆಳಕು ಬರುವುದೆಂತು? ಈ ಪ್ರಶ್ನೆಗೆ ಪರದೇಶದಲ್ಲಿ ಉತ್ತರವನ್ನು ಕಂಡು, ಅದನ್ನು ಕನ್ನಡ ನಾಡಿನಲ್ಲಿ ಕಾರ್ಯರೂಪಕ್ಕೆ ತಂದವರಲ್ಲಿ ಹರೀಶ್ ಹಂದೆಯವರು ಪ್ರಮುಖರು.

ಕುಂದಾಪುರ ಸೀಮೆಯ ಮನೆತನದಿಂದ ಬಂದ ಹಂದೆಯವರು ಬೆಳೆದದ್ದು ಒಡಿಶಾದ ರೂರ್ಕೆಲಾದಲ್ಲಿ. ಖರಗ್‌ಪುರದ ಭಾರತೀಯ ತಂತ್ರಜ್ಞಾನ ಸಂಸ್ಥೆಯಲ್ಲಿ ಶಕ್ತಿವಿಜ್ಞಾನವನ್ನು ಅಭ್ಯಾಸಮಾಡಿ, ಹೆಚ್ಚಿನ ವ್ಯಾಸಂಗಕ್ಕಾಗಿ ಅಮೆರಿಕೆಯ ಮ್ಯಾಸಚೂಸೆಟ್ಸ್ ರಾಜ್ಯದ ಲೋವೆಲ್ ನಗರಕ್ಕೆ ತೆರಳಿದರು. ಸೂರ್ಯನ ಶಾಖವನ್ನು ಯಂತ್ರಗಳಿಂದ ಹಿಡಿದಿಡುವ ವಿಷಯ ಅವರ ಮೊದಲ ಸಂಶೋಧನೆಯಾಗಿತ್ತು.

ಅವರ ದಾರಿಯನ್ನು ಬದಲಿಸಿದ್ದು ಅಮೆರಿಕೆಯ ವೈಭವವಲ್ಲ. ಕೆರಿಬಿಯನ್ ಸಮುದ್ರದ ಡೊಮಿನಿಕನ್ ಗಣರಾಜ್ಯದ ಬಡ ಹಳ್ಳಿಗಳು. ಅಲ್ಲಿನ ಬಡವರು ತಮ್ಮ ದುಡಿಮೆಯ ಹಣವನ್ನೇ ತೆತ್ತು ಸೌರದೀಪಗಳನ್ನು ಬೆಳಗಿಸಿಕೊಂಡಿದ್ದರು. ಸೌರವಿದ್ಯುತ್ತು ಸಿರಿವಂತರ ಸೊತ್ತೆಂದು ತಿಳಿದವರಿಗೆ ಇದೊಂದು ಅಚ್ಚರಿಯ ನೋಟ. ಹಂದೆಯವರು ಹಿಡಿದಿದ್ದ ಪ್ರಬಂಧವನ್ನು ಬದಿಗಿಟ್ಟು, ಹಳ್ಳಿಗಳಿಗೆ ಸೌರವಿದ್ಯುತ್ತನ್ನು ಒದಗಿಸುವ ವಿಷಯವನ್ನೇ ಹೊಸದಾಗಿ ಕೈಗೆತ್ತಿಕೊಂಡರು. ಬಳಿಕ ಶ್ರೀಲಂಕೆಯಲ್ಲಿ ವಿದ್ಯುತ್ತಿಲ್ಲದ ಹಳ್ಳಿಗಳಲ್ಲಿ ವಾಸಮಾಡಿ, ಕತ್ತಲೆಯಲ್ಲಿ ಬದುಕುವವರ ಅಗತ್ಯಗಳನ್ನು ಹತ್ತಿರದಿಂದ ಅರಿತರು.

ಸೌರದೀಪದ ತತ್ತ್ವ ಕಠಿಣವಲ್ಲ. ಸಿಲಿಕಾನಿನಿಂದ ಮಾಡಿದ ಕೋಶಗಳ ಮೇಲೆ ಬಿಸಿಲು ಬಿದ್ದಾಗ ಅದರ ಕಣಗಳು ಚಲಿಸಿ ವಿದ್ಯುತ್ತು ಹರಿಯುತ್ತದೆ. 1954ರಲ್ಲಿ ಅಮೆರಿಕೆಯ ಬೆಲ್ ಪ್ರಯೋಗಾಲಯವು ಇಂತಹ ಕೋಶವನ್ನು ಪ್ರದರ್ಶಿಸಿತು. ಹಗಲಿನ ವಿದ್ಯುತ್ತನ್ನು ಬ್ಯಾಟರಿಯಲ್ಲಿ ಕೂಡಿಟ್ಟರೆ ಅದು ಇರುಳಿನಲ್ಲಿ ದೀಪವಾಗುತ್ತದೆ. ಕಠಿಣವಾದುದು ಬೇರೊಂದು: ದಿನಗೂಲಿಯವನು ಒಮ್ಮೆಗೇ ಅದರ ಬೆಲೆಯನ್ನು ತೆರುವುದೆಂತು?

1995ರಲ್ಲಿ ಹಂದೆಯವರು ಅಮೆರಿಕೆಯ ನೆವಿಲ್ ವಿಲಿಯಮ್ಸ್ ಅವರೊಡನೆ ಬೆಂಗಳೂರಿನಲ್ಲಿ ಸೆಲ್ಕೋ ಸಂಸ್ಥೆಯನ್ನು ಸ್ಥಾಪಿಸಿದರು. ಬಡವರು ಸಾಲ ತೀರಿಸಲಾರರು, ಯಂತ್ರಗಳನ್ನು ಕಾಪಾಡಿಕೊಳ್ಳಲಾರರು ಎಂಬ ನಂಬಿಕೆ ಅಂದು ಬಲವಾಗಿತ್ತು. ಸಂಸ್ಥೆಯು ಗ್ರಾಮೀಣ ಬ್ಯಾಂಕುಗಳನ್ನು ಒಪ್ಪಿಸಿ ಕಂತುಗಳಲ್ಲಿ ಸಾಲ ದೊರೆಯುವಂತೆ ಮಾಡಿತು. ದುರಸ್ತಿಗೆ ಸಮೀಪದಲ್ಲೇ ಶಾಖೆಗಳನ್ನು ತೆರೆಯಿತು. ತಿಂಗಳಿಗೆ 300 ರೂಪಾಯಿ ತನಗೆ ಭಾರ, ದಿನಕ್ಕೆ 10 ರೂಪಾಯಿ ಹಗುರ ಎಂಬುದು ಬೀದಿಬದಿಯ ವ್ಯಾಪಾರಿಯೊಬ್ಬರಿಂದ ತಾವು ಕಲಿತ ಪಾಠವೆಂದು ಹಂದೆಯವರು ಹೇಳುತ್ತಾರೆ. ಲೆಕ್ಕ ಒಂದೇ, ಆದರೆ ದಿನದಿನ ದುಡಿಯುವವರ ಕೈಗೆ ಹಣ ಬರುವುದೂ ದಿನದಿನವೇ. ಬೆಳಕಿನ ಅಗತ್ಯವೂ ಎಲ್ಲರಿಗೂ ಒಂದೇ ಬಗೆಯದಲ್ಲ. ನಸುಕಿನಲ್ಲಿ ಹೂ ಬಿಡಿಸುವವರಿಗೆ ತಲೆಗೆ ಕಟ್ಟುವ ದೀಪ ಬೇಕು. ಸೂಲಗಿತ್ತಿಗೆ ಹಿಡಿದೊಯ್ಯುವ ದೀಪ ಬೇಕು. ಈ ಸೇವೆಯನ್ನು ಮನ್ನಿಸಿ 2011ರಲ್ಲಿ ಅವರಿಗೆ ಮ್ಯಾಗ್ಸೇಸೆ ಪ್ರಶಸ್ತಿಯನ್ನು ನೀಡಲಾಯಿತು.

ಪರದೇಶಕ್ಕೆ ಹೋದವರು ಸಾಮಾನ್ಯವಾಗಿ ಅಲ್ಲಿನ ಎತ್ತರದ ಕಟ್ಟಡಗಳನ್ನೂ ವೇಗದ ವಾಹನಗಳನ್ನೂ ಕಂಡು ಬೆರಗಾಗುತ್ತಾರೆ. ಹಂದೆಯವರ ಕಣ್ಣು ನಿಂತದ್ದು ಬಡವನ ಮನೆಯ ಪುಟ್ಟ ದೀಪದ ಮೇಲೆ. ವಿದ್ಯೆಗೆ ದೇಶದ ಎಲ್ಲೆಯಿಲ್ಲ. ಅದು ಯಾರ ಮನೆಯ ಕತ್ತಲೆಯನ್ನು ಕಳೆಯಿತೆಂಬುದೇ ಅದರ ಬೆಲೆಯನ್ನು ನಿರ್ಣಯಿಸುತ್ತದೆ.

ಪದಗಳ ಅರ್ಥ

ಅಭಾವ – ಕೊರತೆ
ವ್ಯಾಸಂಗ – ಓದು, ಅಭ್ಯಾಸ
ತೆರು – ಕೊಡು, ಪಾವತಿಮಾಡು
ನಸುಕು – ಬೆಳಗಿನ ಜಾವ
ಮನ್ನಿಸು – ಗೌರವಿಸು

ಅಭ್ಯಾಸ

1. ಬಿಸಿಲು, ಗಾಳಿಗಳನ್ನು ನವೀಕರಿಸಬಹುದಾದ ಶಕ್ತಿಮೂಲಗಳೆಂದು ಏಕೆ ಕರೆಯುತ್ತಾರೆ?
2. ಹಂದೆಯವರು ತಮ್ಮ ಸಂಶೋಧನೆಯ ವಿಷಯವನ್ನು ಬದಲಿಸಲು ಕಾರಣವೇನು?
3. ‘ಲೆಕ್ಕ ಒಂದೇ’ – ಈ ಮಾತಿನ ಸ್ವಾರಸ್ಯವನ್ನು ವಿವರಿಸಿರಿ.