ಎಂಎಸ್ ಇದ್ದವರ ಮರೆವು, ಮಂಕು: ಸಕ್ಕರೆಯನ್ನೂ ಅಳೆದು ನೋಡಿ

ಮಾತಿನ ನಡುವೆ ಬೇಕಾದ ಪದ ನಾಲಿಗೆಗೆ ಬರುವುದಿಲ್ಲ. ಅಂಗಡಿಯಲ್ಲಿ ಚಿಲ್ಲರೆ ಲೆಕ್ಕ ಹಾಕಲು ಮೊದಲಿಗಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಇಬ್ಬರು ಒಟ್ಟಿಗೆ ಮಾತಾಡಿದರೆ ಯಾರ ಮಾತೂ ತಲೆಗೆ ಹೋಗುವುದಿಲ್ಲ. ಮಲ್ಟಿಪಲ್ ಸ್ಕ್ಲೆರೋಸಿಸ್, ಚಿಕ್ಕದಾಗಿ ಎಂಎಸ್, ಇರುವವರಲ್ಲಿ ನೂರಕ್ಕೆ ಸುಮಾರು 40ರಿಂದ 65 ಮಂದಿಗೆ ಇಂಥ ತೊಂದರೆ ಕಾಣಿಸಿಕೊಳ್ಳುತ್ತದೆ. ಮನೆಯವರು ಟೆನ್ಷನ್ ಎನ್ನುತ್ತಾರೆ. ಕಾಯಿಲೆ ಇದ್ದವರು, ಎಂಎಸ್ ಅಂದಮೇಲೆ ಇದೆಲ್ಲ ಇದ್ದದ್ದೇ ಎಂದು ಸುಮ್ಮನಾಗುತ್ತಾರೆ. ದಯವಿಟ್ಟು ಸುಮ್ಮನಾಗಬೇಡಿ. ಈ ಮಂಕಿನಲ್ಲಿ ಒಂದು ಪಾಲು ರಕ್ತದ ಸಕ್ಕರೆಯ ಏರುಪೇರಿನದ್ದೂ ಇರಬಹುದು. ಅದನ್ನು ಅಳೆಯಬಹುದು, ಸರಿಪಡಿಸಲೂಬಹುದು.

ಸಕ್ಕರೆಗೂ ಮೆದುಳಿಗೂ ಏನು ನಂಟು?

ಮೆದುಳಿನ ತೂಕ ದೇಹದ ತೂಕದ ನೂರಕ್ಕೆ 2 ಭಾಗ ಮಾತ್ರ. ಆದರೆ ವಿಶ್ರಾಂತಿಯಲ್ಲಿರುವಾಗ ದೇಹ ಬಳಸುವ ಶಕ್ತಿಯಲ್ಲಿ ನೂರಕ್ಕೆ ಸುಮಾರು 20 ಭಾಗ ಅದಕ್ಕೇ ಬೇಕು. ಅದರ ಮುಖ್ಯ ಇಂಧನ ಗ್ಲೂಕೋಸ್. ಎಂಎಸ್‌ನಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಮೆದುಳು ಮತ್ತು ಬೆನ್ನುಹುರಿಯ ನರತಂತುಗಳ ಮೇಲಿನ ಮಯಲಿನ್ ಹೊದಿಕೆಯ ಮೇಲೆ ದಾಳಿ ಮಾಡುತ್ತದೆ. ಹೊದಿಕೆ ಕಳಚಿದ ತಂತು ಅದೇ ಸಂದೇಶ ಸಾಗಿಸಲು ಹೆಚ್ಚು ಶಕ್ತಿ ಖರ್ಚು ಮಾಡಬೇಕಾಗುತ್ತದೆ. ಸೋರುವ ಕಾಲುವೆಯಲ್ಲಿ ಕೊನೆಯ ಹೊಲಕ್ಕೆ ನೀರು ಮುಟ್ಟಿಸಲು ಹೆಚ್ಚು ನೀರು ಬಿಡಬೇಕಾದ ಹಾಗೆ.

ಹೀಗೆ ಮೊದಲೇ ದಣಿದ ಮೆದುಳಿಗೆ ಮಧುಮೇಹ ಇನ್ನೊಂದು ಹೊರೆ. ವರ್ಷಗಟ್ಟಲೆ ಏರಿದ ಸಕ್ಕರೆ ಸಣ್ಣ ರಕ್ತನಾಳಗಳನ್ನು ಹಾಳುಮಾಡುತ್ತದೆ. ರೂತ್ ಆನ್ ಮೇರಿ ಮತ್ತು ಸಂಗಡಿಗರು ಉತ್ತರ ಅಮೆರಿಕದ ಎಂಎಸ್ ರೋಗಿಗಳ ಮಾಹಿತಿಯನ್ನು ಪರಿಶೀಲಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನವನ್ನೇ ನೋಡಿ. ರೋಗ ಪತ್ತೆಯಾದ ಮೇಲೆ ನಡೆಯಲು ಆಸರೆ ಬೇಕಾಗುವ ಹಂತ ತಲುಪಲು, ಮಧುಮೇಹ, ರಕ್ತದೊತ್ತಡ, ಹೃದ್ರೋಗದಂಥ ತೊಂದರೆ ಇಲ್ಲದವರಿಗೆ ಮಧ್ಯಾಂಕದ ಲೆಕ್ಕದಲ್ಲಿ 18.8 ವರ್ಷ ಹಿಡಿದಿತ್ತು, ಇದ್ದವರಿಗೆ 12.8 ವರ್ಷ. ಒಂದರಿಂದಲೇ ಇನ್ನೊಂದು ಆಯಿತು ಎಂದು ಇದು ಸಾಬೀತು ಮಾಡುವುದಿಲ್ಲ, ನಿಜ. ಆದರೆ ಆರು ವರ್ಷದ ಅಂತರವನ್ನು ಕಡೆಗಣಿಸುವಂತಿಲ್ಲ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಸಮೀಕ್ಷೆಯ ಅಂದಾಜಿನಂತೆ ಭಾರತದಲ್ಲಿ 10.1 ಕೋಟಿ ಮಂದಿಗೆ ಮಧುಮೇಹವಿದೆ, 13.6 ಕೋಟಿ ಮಂದಿ ಅದರ ಹೊಸ್ತಿಲಲ್ಲಿದ್ದಾರೆ. ಎಂಎಸ್ ಇರುವವರು ಈ ಲೆಕ್ಕದಿಂದ ಹೊರಗಿಲ್ಲ.

ಒಂದು ಮಾತು ಮೊದಲೇ ಸ್ಪಷ್ಟವಾಗಿರಲಿ: ಸಕ್ಕರೆ ಹತೋಟಿಗೆ ಬಂದರೆ ಎಂಎಸ್ ವಾಸಿಯಾಗುತ್ತದೆ ಎಂದು ಯಾರೇ ಹೇಳಿದರೂ ನಂಬಬೇಡಿ. ನಾವು ಮಾಡಬಹುದಾದದ್ದು ಮೆದುಳಿನ ಮೇಲಿನ ಹೊರೆಗಳಲ್ಲಿ ಒಂದನ್ನು ಇಳಿಸುವುದು.

ಹಂತ 1: ರಕ್ತ ಪರೀಕ್ಷೆ ಮಾಡಿಸಿ

ಖಾಲಿ ಹೊಟ್ಟೆಯ ಸಕ್ಕರೆ ಮತ್ತು ಎಚ್‌ಬಿಎ1ಸಿ, ಇವೆರಡರಿಂದ ಶುರುಮಾಡಿ. ಖಾಲಿ ಹೊಟ್ಟೆಯಲ್ಲಿ 100ಕ್ಕಿಂತ ಕಡಿಮೆ ಇದ್ದರೆ ಸಹಜ, 100ರಿಂದ 125 ಮಧುಮೇಹ ಪೂರ್ವ ಸ್ಥಿತಿ, 126 ಅಥವಾ ಹೆಚ್ಚಿದ್ದರೆ ಮಧುಮೇಹ. ಸುಮಾರು ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ 5.7ಕ್ಕಿಂತ ಕಡಿಮೆ ಇರಬೇಕು, 6.5 ಅಥವಾ ಹೆಚ್ಚಿದ್ದರೆ ಮಧುಮೇಹ. ಮೊದಲ ಸಲ ಹೆಚ್ಚು ಬಂದರೆ ಇನ್ನೊಮ್ಮೆ ಪರೀಕ್ಷಿಸಿ ಖಚಿತಪಡಿಸಿಕೊಳ್ಳುವುದು ಕ್ರಮ.

ಜೊತೆಗೆ ಹಿಮೋಗ್ಲೋಬಿನ್ ಮತ್ತು ಬಿ12 ನೋಡಿಸಿ. ಕಬ್ಬಿಣಾಂಶದ ಕೊರತೆಯಿದ್ದರೆ ಎಚ್‌ಬಿಎ1ಸಿ ಇರುವುದಕ್ಕಿಂತ ಹೆಚ್ಚು ತೋರಿಸಬಹುದು. ಇನ್ನು ಬಿ12 ಕೊರತೆಯಿಂದಲೇ ಮರೆವು, ಕಾಲು ಜೋಮು, ತೂರಾಟ ಬರಬಹುದು. ಎಲ್ಲವನ್ನೂ ಎಂಎಸ್ ತಲೆಗೆ ಕಟ್ಟಿಬಿಡುತ್ತೇವೆ. ಮೊಟ್ಟೆ, ಮಾಂಸ ತಿನ್ನದವರಿಗೆ ಮತ್ತು ಮಧುಮೇಹಕ್ಕೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆಯನ್ನು ಬಹುಕಾಲದಿಂದ ತೆಗೆದುಕೊಳ್ಳುತ್ತಿರುವವರಿಗೆ ಬಿ12 ಪರೀಕ್ಷೆ ಮುಖ್ಯ.

ಹಂತ 2: ಬುದ್ಧಿಯ ಚುರುಕನ್ನೂ ಅಳೆಸಿ

ಮರೆವು ಹೆಚ್ಚಾಗಿದೆ ಎಂಬ ಅನಿಸಿಕೆಗಿಂತ ಅಂಕಿ ನಂಬಲರ್ಹ. ಎಂಎಸ್‌ನಲ್ಲಿ ಹೆಚ್ಚಾಗಿ ಬಳಸುವ ಸಿಂಬಲ್ ಡಿಜಿಟ್ ಪರೀಕ್ಷೆ ಸರಳವಾದದ್ದು. ಹಾಳೆಯ ಮೇಲ್ತುದಿಯಲ್ಲಿ ಒಂಬತ್ತು ಚಿಹ್ನೆಗಳು, ಒಂದೊಂದರ ಕೆಳಗೂ ಒಂದೊಂದು ಅಂಕಿ. ಅದರ ಕೆಳಗೆ ಬರೀ ಚಿಹ್ನೆಗಳ ಸಾಲು. ಯಾವ ಚಿಹ್ನೆಗೆ ಯಾವ ಅಂಕಿ ಎಂದು ಮೇಲೆ ನೋಡಿಕೊಂಡು ಬಾಯಲ್ಲಿ ಹೇಳುತ್ತ ಹೋಗಬೇಕು. ಸಮಯ 90 ಸೆಕೆಂಡ್. ಎಷ್ಟು ಸರಿಯಾಯಿತೋ ಅಷ್ಟು ಅಂಕ. ಬರೆಯುವ ಅಗತ್ಯವಿಲ್ಲದ್ದರಿಂದ ಕೈ ನಡುಗುವವರೂ ಮಾಡಬಹುದು.

ವರ್ಷಕ್ಕೊಮ್ಮೆ ಇಂಥ ಪರೀಕ್ಷೆ ಆಗಬೇಕೆಂದು 2018ರಲ್ಲಿ ಅಮೆರಿಕದ ತಜ್ಞರು ಶಿಫಾರಸು ಮಾಡಿದ್ದಾರೆ. ಹಿಂದಿನ ಸಲಕ್ಕಿಂತ 4 ಅಂಕ ಅಥವಾ ಹೆಚ್ಚು ಇಳಿದಿದ್ದರೆ ಅದನ್ನು ಗಂಭೀರವಾಗಿ ನೋಡುತ್ತಾರೆ. ನಿಮ್ಮ ನರರೋಗ ತಜ್ಞರನ್ನು ಕೇಳಿ. ನಿದ್ದೆಗೆಟ್ಟ ದಿನ, ಜ್ವರದ ದಿನ, ಸಕ್ಕರೆ ತೀರ ಏರಿದ ಅಥವಾ ಇಳಿದ ದಿನ ಪರೀಕ್ಷೆಗೆ ಕೂರಬೇಡಿ. ಅಂಕ ದಾರಿ ತಪ್ಪಿಸುತ್ತದೆ.

ಹಂತ 3: ಸ್ಟಿರಾಯ್ಡ್ ದಿನಗಳಲ್ಲಿ ಕಣ್ಣಿಟ್ಟಿರಿ

ಕಾಯಿಲೆ ಮರುಕಳಿಸಿದಾಗ ಮೀಥೈಲ್‌ಪ್ರೆಡ್ನಿಸೊಲೋನ್ ಸ್ಟಿರಾಯ್ಡನ್ನು ದಿನಕ್ಕೆ ಸಾಮಾನ್ಯವಾಗಿ 1 ಗ್ರಾಂನಂತೆ 3ರಿಂದ 5 ದಿನ ಡ್ರಿಪ್‌ನಲ್ಲಿ ಕೊಡುತ್ತಾರೆ. ಇದು ಸಕ್ಕರೆಯನ್ನು ಏರಿಸುತ್ತದೆ. ಬೆಳಿಗ್ಗೆ ಡ್ರಿಪ್ ಹಾಕಿದರೆ ಏರಿಕೆ ಹೆಚ್ಚಾಗಿ ಕಾಣುವುದು ಮಧ್ಯಾಹ್ನದ ಊಟದ ನಂತರ ಮತ್ತು ಸಂಜೆ. ಬೆಳಗಿನ ಖಾಲಿ ಹೊಟ್ಟೆಯ ಅಂಕಿ ಚೆನ್ನಾಗಿದೆ ಎಂದು ನಿಶ್ಚಿಂತರಾದರೆ ಏರಿಕೆ ಕಣ್ಣಿಗೇ ಬೀಳುವುದಿಲ್ಲ. ಆದ್ದರಿಂದ ಆ ದಿನಗಳಲ್ಲಿ ಊಟವಾಗಿ ಎರಡು ಗಂಟೆಗೆ ಗ್ಲುಕೋಮೀಟರ್‌ನಲ್ಲಿ ನೋಡಿ. ಮಧುಮೇಹ ಇರುವವರು ಡ್ರಿಪ್ ಶುರುವಾಗುವ ಮುನ್ನವೇ ಸಕ್ಕರೆ ವೈದ್ಯರಿಗೆ ತಿಳಿಸಿ. ಇನ್ಸುಲಿನ್ ಪ್ರಮಾಣವನ್ನು ಅವರು ತಾತ್ಕಾಲಿಕವಾಗಿ ಬದಲಿಸಬೇಕಾಗಬಹುದು. ಸ್ಟಿರಾಯ್ಡ್ ನಿಂತ ಮೇಲೆ ಆ ಪ್ರಮಾಣವನ್ನು ಇಳಿಸುವುದನ್ನು ಮರೆಯಬಾರದು. ಸಕ್ಕರೆಗೆ ಹೆದರಿ ಸ್ಟಿರಾಯ್ಡ್ ಬೇಡವೆನ್ನುವುದೂ ತಪ್ಪು.

ಹಂತ 4: ತಟ್ಟೆಯಲ್ಲಿ ಕ್ರಮ ಬದಲಿಸಿ

ಬಾಳೆಲೆ ಊಟದಲ್ಲಿ ಕೋಸಂಬರಿ, ಪಲ್ಯ ಮೊದಲು ಬರುತ್ತವೆ, ಅನ್ನ ಆಮೇಲೆ. ಈ ಕ್ರಮವನ್ನು ದಿನದ ಊಟಕ್ಕೂ ತನ್ನಿ. ತರಕಾರಿ, ಕಾಳು ಮೊದಲು ತಿಂದು ಅನ್ನ, ಚಪಾತಿ ಕೊನೆಗೆ ತಿಂದರೆ ಊಟದ ನಂತರದ ಏರಿಕೆ ಕಡಿಮೆಯಾಗುತ್ತದೆ.

ರಾಗಿ ಎಂದಾಕ್ಷಣ ಸಕ್ಕರೆ ಏರುವುದಿಲ್ಲ ಎಂದುಕೊಳ್ಳಬೇಡಿ. ನುಣ್ಣಗೆ ಬೀಸಿದ ಹಿಟ್ಟಿನ ದೊಡ್ಡ ಮುದ್ದೆ, ತಿಳಿಯಾದ ಗಂಜಿ ಸಕ್ಕರೆಯನ್ನು ಬೇಗ ಏರಿಸುತ್ತವೆ. ಮುದ್ದೆ ಚಿಕ್ಕದಿರಲಿ, ಬಸ್ಸಾರಿನ ಸೊಪ್ಪು-ಕಾಳು ಧಾರಾಳವಾಗಿರಲಿ. ಜೋಳದ ರೊಟ್ಟಿಗೂ ಇದೇ ಮಾತು: ರೊಟ್ಟಿ ಒಂದು ಕಡಿಮೆ, ಹೆಸರುಕಾಳಿನ ಪಲ್ಯ ಒಂದು ಸೌಟು ಹೆಚ್ಚು. ನಾರಿನಂಶ ಹೆಚ್ಚಿದರೆ ಎಂಎಸ್‌ನಲ್ಲಿ ಕಾಡುವ ಮಲಬದ್ಧತೆಗೂ ಒಳ್ಳೆಯದು. ನೀರು ಮಾತ್ರ ಸಾಕಷ್ಟು ಕುಡಿಯಬೇಕು. ಸುಸ್ತಾದಾಗಲೆಲ್ಲ ಸಿಹಿ ಕಾಫಿ, ಬಿಸ್ಕತ್ತಿಗೆ ಕೈ ಹಾಕುವ ಅಭ್ಯಾಸ ಬಿಡಿ. ಒಂದು ಹಿಡಿ ಹುರಿದ ಕಡಲೆ ಅಥವಾ ಶೇಂಗಾ ಹತ್ತಿರದಲ್ಲಿಟ್ಟುಕೊಳ್ಳಿ.

ಹಂತ 5: ಉಂಡಮೇಲೆ ನಡೆಯಿರಿ, ಬಿಸಿಲು ತಪ್ಪಿಸಿ

ಊಟದ ನಂತರದ 10–15 ನಿಮಿಷದ ನಿಧಾನ ನಡಿಗೆ ಸಕ್ಕರೆಯ ಏರಿಕೆಯನ್ನು ತಗ್ಗಿಸುತ್ತದೆ. ಆದರೆ ಎಂಎಸ್ ಇರುವವರಿಗೆ ಮೈ ಬಿಸಿಯಾದರೆ ದೃಷ್ಟಿ ಮಂಜಾಗುವುದು, ಕಾಲು ಸೋಲುವುದು ಉಂಟು. ಜರ್ಮನ್ ನೇತ್ರವೈದ್ಯ ವಿಲ್ಹೆಲ್ಮ್ ಊಟ್‌ಹಾಫ್ 1890ರಲ್ಲೇ ಇದನ್ನು ದಾಖಲಿಸಿದ್ದರು. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಮಧ್ಯಾಹ್ನದ ನಡಿಗೆ ಮನೆಯ ಪಡಸಾಲೆಯಲ್ಲೇ ಫ್ಯಾನ್ ಕೆಳಗೆ ಆಗಲಿ. ಸಮತೋಲನ ಇಲ್ಲದವರು ಕುರ್ಚಿಯಲ್ಲಿ ಕೂತೇ ಕಾಲು ಚಾಚಿ ಮಡಚಬಹುದು, ತೋಳು ಎತ್ತಿ ಇಳಿಸಬಹುದು. ಸ್ನಾಯು ಕೆಲಸ ಮಾಡಿದಷ್ಟೂ ರಕ್ತದ ಗ್ಲೂಕೋಸ್ ಬಳಕೆಯಾಗುತ್ತದೆ.

ಹಂತ 6: ಸಕ್ಕರೆ ಇಳಿದದ್ದೋ, ಕಾಯಿಲೆ ಮರುಕಳಿಸಿದ್ದೋ?

ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಕೆಲವು ಮಾತ್ರೆ ತೆಗೆದುಕೊಳ್ಳುವವರಿಗೆ ಇದು ಅತಿ ಮುಖ್ಯ. ಇದ್ದಕ್ಕಿದ್ದಂತೆ ಗೊಂದಲ, ನಡುಕ, ಬೆವರು, ತೊದಲು ಕಾಣಿಸಿಕೊಂಡರೆ ಮೊದಲು ಬೆರಳು ಚುಚ್ಚಿ ನೋಡಿ. 70ಕ್ಕಿಂತ ಕಡಿಮೆಯಿದ್ದರೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕುಡಿಸಿ, 15 ನಿಮಿಷದ ನಂತರ ಮತ್ತೆ ನೋಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ಏನನ್ನೂ ಹಾಕಬೇಡಿ, ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ಸಕ್ಕರೆ ಸರಿಯಿದ್ದೂ ಮಾತು ತೊದಲುತ್ತಿದ್ದರೆ, ಮುಖ ಅಥವಾ ಕೈ ಒಂದು ಕಡೆ ಸೋತಿದ್ದರೆ ಅದು ಪಾರ್ಶ್ವವಾಯುವೂ ಆಗಿರಬಹುದು, ಕಾಯುತ್ತ ಕೂರಬೇಡಿ.

ಜ್ವರ, ಸೋಂಕು ಇಲ್ಲದೆ ಹೊಸ ಲಕ್ಷಣ 24 ಗಂಟೆಗಿಂತ ಹೆಚ್ಚು ಉಳಿದರೆ ಎಂಎಸ್ ಮರುಕಳಿಸಿರಬಹುದೆಂದು ವೈದ್ಯರು ಪರಿಗಣಿಸುತ್ತಾರೆ. ಏರಿದ ಸಕ್ಕರೆ ಮೂತ್ರದ ಸೋಂಕಿಗೂ ದಾರಿ ಮಾಡುತ್ತದೆ, ಆ ಸೋಂಕು ಹಳೆಯ ಲಕ್ಷಣಗಳನ್ನು ಕೆರಳಿಸುತ್ತದೆ. ರಾತ್ರಿ ಪದೇ ಪದೇ ಮೂತ್ರಕ್ಕೆ ಏಳುತ್ತಿದ್ದರೆ ಸಕ್ಕರೆಯನ್ನೂ ಮೂತ್ರವನ್ನೂ ಪರೀಕ್ಷಿಸಿ. ನಿದ್ದೆ ಕೆಟ್ಟರೆ ಮರುದಿನ ಸಕ್ಕರೆಯೂ ಹದ ತಪ್ಪುತ್ತದೆ, ತಲೆಯೂ ಓಡುವುದಿಲ್ಲ.

ಹಂತ 7: ಔಷಧದಲ್ಲಿ ಸ್ವಂತ ಪ್ರಯೋಗ ಬೇಡ

ಮೆಟ್‌ಫಾರ್ಮಿನ್ ಕೊಟ್ಟಾಗ ವಯಸ್ಸಾದ ಇಲಿಗಳಲ್ಲಿ ಮಯಲಿನ್ ಮತ್ತೆ ಬೆಳೆಯುವ ಶಕ್ತಿ ಮರಳಿತು ಎಂದು ಕೇಂಬ್ರಿಜ್ ವಿಜ್ಞಾನಿಗಳು 2019ರಲ್ಲಿ ವರದಿ ಮಾಡಿದರು. ಇದು ಆಶಾದಾಯಕ ಸಂಶೋಧನೆ. ಆದರೆ ಮಧುಮೇಹ ಇಲ್ಲದವರು ಅಂಗಡಿಯಿಂದ ಮಾತ್ರೆ ತಂದು ನುಂಗಲು ಅನುಮತಿಯಲ್ಲ. ಕೀಟೋ ಆಹಾರ, ದೀರ್ಘ ಉಪವಾಸವೂ ಅಷ್ಟೇ: ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಮಾಡಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಎಂಎಸ್‌ಗೆ ಕೊಡುವ ಫಿಂಗೋಲಿಮೋಡ್ ಮಾತ್ರೆಯಿಂದ ಅಕ್ಷಿಪಟಲದಲ್ಲಿ ಊತ ಬರುವ ಸಾಧ್ಯತೆ ಮಧುಮೇಹಿಗಳಲ್ಲಿ ಹೆಚ್ಚು. ಅದನ್ನು ಶುರುಮಾಡುವ ಮುನ್ನ ಕಣ್ಣಿನ ಪರೀಕ್ಷೆ ಆಗಲೇಬೇಕು.

ಮುಂದಿನ ಭೇಟಿಗೆ ಸಿದ್ಧತೆ

ಎಂಎಸ್ ಫೈಲ್ ಒಂದು ಆಸ್ಪತ್ರೆಯಲ್ಲಿ, ಸಕ್ಕರೆ ಚೀಟಿ ಇನ್ನೊಂದು ಕ್ಲಿನಿಕ್ಕಿನಲ್ಲಿ ಇರುವುದು ನಮ್ಮಲ್ಲಿ ಸಾಮಾನ್ಯ. ಇಬ್ಬರು ವೈದ್ಯರಿಗೂ ಇಡೀ ಚಿತ್ರ ಸಿಗುವುದಿಲ್ಲ. ಒಂದೇ ನೋಟ್‌ಬುಕ್ ಇಡಿ. ಅದರಲ್ಲಿ ಎಚ್‌ಬಿಎ1ಸಿ, ಬಿ12, ಬುದ್ಧಿ ಪರೀಕ್ಷೆಯ ಅಂಕ, ಸ್ಟಿರಾಯ್ಡ್ ಪಡೆದ ತಾರೀಕು, ಎಲ್ಲ ಮಾತ್ರೆಗಳ ಹೆಸರು ಬರೆಯಿರಿ. ಎರಡು ವಾರ ಕಾಲ, ತಲೆ ಮಂಕಾದ ಹೊತ್ತು ಮತ್ತು ಆಗಿನ ಸಕ್ಕರೆ ಅಂಕಿಯನ್ನು ಅಕ್ಕಪಕ್ಕ ಗುರುತು ಹಾಕಿ. ಮರೆವು ಇರುವವರ ಪರವಾಗಿ ಮನೆಯಲ್ಲೊಬ್ಬರು ಈ ಹೊಣೆ ಹೊರಲಿ, ವೈದ್ಯರ ಬಳಿಗೂ ಜೊತೆಗೆ ಹೋಗಲಿ. ಮಂಕಿಗೂ ಸಕ್ಕರೆಗೂ ತಾಳೆಯಾದರೆ ಚಿಕಿತ್ಸೆ ಎಲ್ಲಿಂದ ಶುರುವಾಗಬೇಕೆಂಬುದು ತಿಳಿಯುತ್ತದೆ. ತಾಳೆಯಾಗದಿದ್ದರೂ ನಷ್ಟವಿಲ್ಲ, ವೈದ್ಯರು ನಿದ್ದೆ, ಖಿನ್ನತೆ, ಥೈರಾಯ್ಡ್ ಕಡೆಗೆ ಹುಡುಕಾಟ ಮುಂದುವರಿಸಬಹುದು.