ಹರಿವಿನ ಅಳತೆ

ಕೃಷ್ಣಾ ನದಿಗೆ ನಾರಾಯಣಪುರದ ಬಳಿ ಕಟ್ಟಿರುವ ಬಸವಸಾಗರ ಜಲಾಶಯದ ಎಡದಂಡೆ ಕಾಲುವೆಯು ಸುರಪುರ, ಶಹಾಪುರಗಳ ಸೀಮೆಗೆ ನೀರುಣಿಸುತ್ತದೆ. ಒಂದು ಕಾಲದಲ್ಲಿ ಮಳೆಯನ್ನೇ ನಂಬಿ ಜೋಳ, ತೊಗರಿಗಳನ್ನು ಬೆಳೆಯುತ್ತಿದ್ದ ಕಪ್ಪುನೆಲದಲ್ಲಿ ಇಂದು ಬತ್ತವೂ ಹತ್ತಿಯೂ ಬೆಳೆಯುತ್ತವೆ. ಆದರೆ ಕಾಲುವೆಯ ತಲೆಯಲ್ಲಿ ಬಿಟ್ಟ ನೀರೆಲ್ಲವೂ ಕೊನೆಯ ಹೊಲವನ್ನು ಮುಟ್ಟುವುದಿಲ್ಲ. ದಾರಿಯಲ್ಲಿ ಕೆಲವು ಪಾಲು ನೆಲದಲ್ಲಿ ಇಂಗುತ್ತದೆ. ಮೇಲ್ಭಾಗದ ಗದ್ದೆಗಳು ಹೆಚ್ಚು ಹೀರಿಕೊಂಡರೆ ಕೊನೆಭಾಗದ ರೈತನಿಗೆ ಉಳಿಯುವುದು ಅಲ್ಪ. ‘ಇಷ್ಟು ನೀರು ಬಿಟ್ಟಿದ್ದೇವೆ’ ಎಂಬುದು ಮೇಲಿನವರ ಮಾತು. ‘ನಮಗೆ ಬಂದಿಲ್ಲ’ ಎಂಬುದು ಕೆಳಗಿನವರ ಮಾತು. ಇವೆರಡೂ ಏಕಕಾಲದಲ್ಲಿ ಸತ್ಯವಾಗಿರಬಲ್ಲವು. ಈ ವಿವಾದವನ್ನು ತೀರಿಸಬಲ್ಲದ್ದು ಅಳತೆಯೊಂದೇ. ಕಾಲುವೆಯ ಅಳತೆಗೆ ಕ್ಯೂಸೆಕ್ ಎಂಬ ಮಾನವಿದೆ. ಒಂದು ಸೆಕೆಂಡಿನಲ್ಲಿ ಒಂದು ಘನ ಅಡಿ, ಅಂದರೆ ಸುಮಾರು 28.3 ಲೀಟರು ನೀರು ಹರಿದರೆ ಅದು ಒಂದು ಕ್ಯೂಸೆಕ್.

ಇಂಥದೇ ವಿವಾದವು ಈಗ ಇನ್ನೊಂದು ಬಗೆಯ ಕಾಲುವೆಗೂ ಬಂದೊದಗಿದೆ. ಗ್ರಾಮಪಂಚಾಯಿತಿಗಳಿಗೆ ಆಪ್ಟಿಕಲ್ ಫೈಬರ್ ತಂತುಗಳ ಮೂಲಕ ಅಂತರ್ಜಾಲವನ್ನು ಒಯ್ಯುವ ಯೋಜನೆಗೆ ಕೇಂದ್ರ ಸರ್ಕಾರವು 2011ರಲ್ಲಿ ಒಪ್ಪಿಗೆಯಿತ್ತಿತು. ಅದೇ ಮುಂದೆ ಭಾರತ್‌ನೆಟ್ ಎಂಬ ಹೆಸರು ಪಡೆಯಿತು. ಪ್ರತಿ ಪಂಚಾಯಿತಿಗೂ ಸೆಕೆಂಡಿಗೆ 100 ಮೆಗಾಬಿಟ್‌ಗಳ ಸಾಮರ್ಥ್ಯ ಒದಗಿಸುವುದು ಅದರ ಗುರಿಯಾಗಿತ್ತು. 2009ರ ಡಿಸೆಂಬರ್ ಕೊನೆಯಲ್ಲಿ ಗುಲಬರ್ಗಾ ಜಿಲ್ಲೆಯಿಂದ ಬೇರ್ಪಟ್ಟ ಯಾದಗಿರಿಯಂಥ ಹೊಸ ಜಿಲ್ಲೆಯಲ್ಲಿ ಇದರ ಬೆಲೆ ಸಣ್ಣದಲ್ಲ. ಪಹಣಿ ಬೇಕಾದ ರೈತನೂ, ವಿದ್ಯಾರ್ಥಿವೇತನದ ಅರ್ಜಿಯನ್ನು ಕಡೆಯ ದಿನ ತುಂಬುವ ಬಾಲಕಿಯೂ ಈ ತಂತಿನ ಕೊನೆಯಲ್ಲಿ ಕಾದು ನಿಲ್ಲುತ್ತಾರೆ. ಪರದೆಯ ಮೇಲಿನ ಚಕ್ರವು ಸುಮ್ಮನೆ ತಿರುಗುತ್ತಿದ್ದರೆ ಒಬ್ಬನ ದಿನದ ಕೂಲಿ ಹೋಗುತ್ತದೆ, ಇನ್ನೊಬ್ಬಳ ಒಂದು ವರ್ಷದ ನೆರವು ತಪ್ಪುತ್ತದೆ. ‘ಜಾಲ ನಿಧಾನವಾಗಿದೆ’ ಎಂಬ ದೂರಿಗೆ ‘ಇಲ್ಲಿಂದ ಸರಿಯಾಗಿಯೇ ಹೋಗುತ್ತಿದೆ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ದೋಷವು ಎಲ್ಲಿದೆ? ದೂರದ ತಾಣದಲ್ಲಿಯೇ, ನಡುವಣ ತಂತಿನಲ್ಲಿಯೇ, ಅಥವಾ ಕೋಣೆಯೊಳಗಿನ ಹಳೆಯ ಉಪಕರಣದಲ್ಲಿಯೇ?

ಇದನ್ನು ಅಳೆಯುವ ವಿಧಾನಕ್ಕೆ ನಾಲ್ಕು ದಶಕಗಳ ಇತಿಹಾಸವಿದೆ. ಅಮೆರಿಕದ ಸೇನೆಯ ಒಂದು ಸಂಶೋಧನಾಲಯದಲ್ಲಿದ್ದ ಮೈಕ್ ಮ್ಯೂಸ್ ಎಂಬಾತನು 1983ರಲ್ಲಿ ‘ಪಿಂಗ್’ ಎಂಬ ಪುಟ್ಟ ಕಾರ್ಯಕ್ರಮವನ್ನು ಬರೆದನು. ಜಲಾಂತರ್ಗಾಮಿಯನ್ನು ಪತ್ತೆಹಚ್ಚುವ ಧ್ವನಿಯಂತ್ರದ ಸದ್ದೇ ಅದರ ಹೆಸರಾಯಿತು. ಒಂದು ಸಂದೇಶವು ಹೋಗಿಬರಲು ಎಷ್ಟು ಕಾಲ ಬೇಕೆಂಬುದನ್ನು ಅದು ತಿಳಿಸುತ್ತದೆ. ಎಷ್ಟು ಹೊರೆಯನ್ನು ಸಾಗಿಸಬಹುದೆಂದು ತಿಳಿಸುವುದಿಲ್ಲ. ಆ ಕೊರತೆಯನ್ನು ತುಂಬಲು ಆತನೂ ಟೆರಿ ಸ್ಲ್ಯಾಟರಿ ಎಂಬಾತನೂ ಮರುವರ್ಷ ‘ಟಿಟಿಸಿಪಿ’ಯನ್ನು ರಚಿಸಿದರು. ಅದರ ಪರಂಪರೆಯಲ್ಲಿ ಹುಟ್ಟಿದ ‘ಐಪರ್ಫ್’ ಇಂದು ಲೋಕಪ್ರಸಿದ್ಧವಾಗಿದೆ. ಅದರ ಹೊಸ ರೂಪವಾದ ‘ಐಪರ್ಫ್3’ ಯಾರಾದರೂ ಹಣ ಕೊಡದೆ ಬಳಸಬಹುದಾದುದು. ಇದಕ್ಕೆ ಚಿತ್ರಗಳ ಅಲಂಕಾರವಿಲ್ಲ. ಕಪ್ಪು ಪರದೆಯ ಮೇಲೆ ಒಂದು ಸಾಲಿನ ಆದೇಶವನ್ನು ಟೈಪು ಮಾಡಿದರೆ ಸಾಕು.

ಕಾಲುವೆಯನ್ನು ಎರಡು ಕಡೆ ಅಳೆಯಬೇಕಾಗುವಂತೆ ಇಲ್ಲಿಯೂ ಎರಡು ಗಣಕಗಳು ಬೇಕು. ಯಾದಗಿರಿಯಲ್ಲಿ ಒಂದು, ಸುರಪುರ ತಾಲೂಕಿನ ಒಂದು ಶಾಲೆಯಲ್ಲಿ ಇನ್ನೊಂದು ಇವೆಯೆಂದು ಭಾವಿಸಬಹುದು. ಯಾದಗಿರಿಯ ಗಣಕದಲ್ಲಿ ‘ಐಪರ್ಫ್3 -ಎಸ್’ ಎಂದು ಆದೇಶವಿತ್ತರೆ ಅದು ಕಿವಿಗೊಟ್ಟು ಕಾಯುತ್ತದೆ. ಶಾಲೆಯ ಗಣಕದಲ್ಲಿ ‘ಐಪರ್ಫ್3 -ಸಿ’ ಎಂದು ಬರೆದು ಮುಂದೆ ಯಾದಗಿರಿಯ ಗಣಕದ ಅಂಕಿವಿಳಾಸವನ್ನು ಕೊಟ್ಟರೆ, ಹತ್ತು ಸೆಕೆಂಡುಗಳ ಕಾಲ ಒಂದೇ ಸಮನೆ ಮಾಹಿತಿ ಹರಿಯತೊಡಗುತ್ತದೆ. ಸೆಕೆಂಡಿಗೊಂದು ಸಾಲು ಮೂಡಿ, ಕಡೆಗೆ ಸರಾಸರಿ ದೊರೆಯುತ್ತದೆ. ಸಾಗುವ ಮಾಹಿತಿಗೆ ಯಾವ ಅರ್ಥವೂ ಇಲ್ಲ. ಬಿಟ್‌ಗಳನ್ನು ಎಣಿಸುವುದಷ್ಟೇ ಉದ್ದೇಶ.

ಇಲ್ಲಿ ಅಳೆದದ್ದು ಶಾಲೆಯಿಂದ ಯಾದಗಿರಿಗೆ ಹೋದ ಹರಿವು ಎಂಬುದನ್ನು ಹಲವರು ಮರೆಯುತ್ತಾರೆ. ಪಾಠದ ಚಲಚ್ಚಿತ್ರಗಳು ಬರುವುದು ಎದುರು ದಿಕ್ಕಿನಿಂದ. ಆದೇಶದ ಕೊನೆಗೆ ‘-ಆರ್’ ಎಂದು ದೊಡ್ಡಕ್ಷರದಲ್ಲಿ ಸೇರಿಸಿದರೆ ದಿಕ್ಕು ತಿರುಗುತ್ತದೆ.

ಬಂದ ಅಂಕಿಯನ್ನು ಓದುವುದಕ್ಕೂ ವಿವೇಕ ಬೇಕು. 100 ಮೆಗಾಬಿಟ್‌ನ ತಂತಿಯಲ್ಲಿ 94 ಎಂಬ ಅಂಕಿ ಬಂದರೆ ಕಳ್ಳತನವಾಯಿತೆಂದು ಶಂಕಿಸಬೇಕಾದುದಿಲ್ಲ. ತಂತಿಯ ಮೇಲೆ ಒಂದು ಪೊಟ್ಟಣವು ಆಕ್ರಮಿಸುವ 1538 ಬೈಟುಗಳಲ್ಲಿ ನಿಜವಾದ ಸರಕು 1448 ಬೈಟು ಮಾತ್ರ. ಉಳಿದುದು ವಿಳಾಸ, ರಕ್ಷಣೆ, ನಡುವಣ ಬಿಡುವು. ಚೀಲದ ತೂಕವನ್ನು ಕಳೆದು ಧಾನ್ಯವನ್ನು ಲೆಕ್ಕ ಹಾಕಿದಂತೆ. ಇನ್ನು, ಎಂಟು ಬಿಟ್‌ಗಳಿಗೆ ಒಂದು ಬೈಟು. 94 ಮೆಗಾಬಿಟ್ ಎಂಬುದನ್ನೇ ಇನ್ನೊಂದು ಪರದೆಯು ಸುಮಾರು 11.7 ಮೆಗಾಬೈಟ್ ಎಂದು ತೋರಿಸಿದರೆ ಎರಡೂ ಸರಿಯೇ. ಈ ಎರಡು ಮಾನಗಳನ್ನು ಬೆರೆಸಿ ಎದ್ದ ಜಗಳಗಳು ಲೆಕ್ಕವಿಲ್ಲ.

ದೂರವೂ ಒಂದು ಪಾತ್ರ ವಹಿಸುತ್ತದೆ. ಮಾಹಿತಿ ಕಳಿಸುವ ಗಣಕವು ಒಂದಿಷ್ಟನ್ನು ಕಳಿಸಿ, ‘ತಲುಪಿತು’ ಎಂಬ ಮಾರುತ್ತರಕ್ಕಾಗಿ ಕಾಯುತ್ತದೆ. ಹಳೆಯ ಏರ್ಪಾಡುಗಳಲ್ಲಿ ಉತ್ತರ ಬರುವ ಮೊದಲು 65,535 ಬೈಟುಗಳಿಗಿಂತ ಹೆಚ್ಚು ಕಳಿಸುವಂತಿರಲಿಲ್ಲ. ಹೋಗಿಬರಲು ಸೆಕೆಂಡಿನ 40 ಸಾವಿರದೊಂದು ಭಾಗಗಳಷ್ಟು ಕಾಲ ಹಿಡಿದರೆ, ತಂತು ಎಷ್ಟೇ ಅಗಲವಾಗಿರಲಿ, ಹರಿವು ಸೆಕೆಂಡಿಗೆ 13 ಮೆಗಾಬಿಟ್ಟಿನ ಆಸುಪಾಸಿನಲ್ಲಿ ನಿಂತುಬಿಡುತ್ತದೆ. ಆಗ ‘-ಪಿ 4’ ಎಂದು ಸೇರಿಸಿ ನಾಲ್ಕು ಧಾರೆಗಳನ್ನು ಏಕಕಾಲದಲ್ಲಿ ಹರಿಸಿ ನೋಡಬೇಕು. ಮೊತ್ತವು ಏರಿತೆಂದರೆ ತಂತಿನಲ್ಲಿ ಇನ್ನೂ ಎಡೆಯಿತ್ತೆಂದು ಅರ್ಥ. ಏರದಿದ್ದರೆ ಅಡ್ಡಿಯನ್ನು ದಾರಿಯಲ್ಲಿಯೇ ಹುಡುಕಬೇಕು.

‘-ಯು’ ಎಂಬ ಇನ್ನೊಂದು ಬಗೆಯಲ್ಲಿ ಮಾರುತ್ತರಕ್ಕೆ ಕಾಯದೆ ಕಳಿಸಿ, ಎಷ್ಟು ಪೊಟ್ಟಣಗಳು ದಾರಿಯಲ್ಲಿ ಕಳೆದವೆಂದು ಎಣಿಸಬಹುದು. ಆದರೆ ಬೇರೆ ವೇಗವನ್ನು ಹೇಳದಿದ್ದರೆ ಐಪರ್ಫ್3 ಈ ಬಗೆಯಲ್ಲಿ ಸೆಕೆಂಡಿಗೆ ಒಂದೇ ಮೆಗಾಬಿಟ್ ಕಳಿಸುತ್ತದೆ. ಇದನ್ನರಿಯದೆ ಒಳ್ಳೆಯ ತಂತನ್ನೇ ಹಳಿದವರುಂಟು.

ಪರೀಕ್ಷೆಯನ್ನು ಮೊದಲು ತಂತಿಯ ಮೂಲಕವೂ ಅನಂತರ ನಿಸ್ತಂತು ಮಾರ್ಗದಲ್ಲಿಯೂ, ನಸುಕಿನಲ್ಲಿಯೂ ಕಚೇರಿಯ ಹೊತ್ತಿನಲ್ಲಿಯೂ ನಡೆಸಿ ದಿನಾಂಕದೊಡನೆ ಬರೆದಿಡುವುದು ಯುಕ್ತ. ತಂತಿಯಲ್ಲಿ 90 ಬಂದು ನಿಸ್ತಂತುವಿನಲ್ಲಿ 9 ಬಂದರೆ ದೋಷವು ಶಾಲೆಯ ಗೋಡೆಗಳೊಳಗೇ ಇದೆ. ನಸುಕಿನಲ್ಲಿ ತುಂಬಿ ಹರಿದುದು ಹನ್ನೊಂದು ಗಂಟೆಗೆ ಸೊರಗಿದರೆ ಮೇಲ್ಭಾಗದಲ್ಲಿ ಹಂಚಿಕೆ ಹೆಚ್ಚಾಗಿದೆ. ಇಂಥ ಒಂದು ವಾರದ ಪಟ್ಟಿಯನ್ನು ಲಗತ್ತಿಸಿದ ಅರ್ಜಿಗೆ ‘ಇಲ್ಲಿಂದ ಸರಿಯಾಗಿದೆ’ ಎಂಬ ಒಂದೇ ಸಾಲಿನ ಉತ್ತರ ಕೊಡುವುದು ಸುಲಭವಲ್ಲ.

ನಾರಾಯಣಪುರ ಎಡದಂಡೆ ಕಾಲುವೆಯ ಗೇಟುಗಳಿಗೂ ಈಗ ದೂರನಿಯಂತ್ರಣದ ವ್ಯವಸ್ಥೆಯನ್ನು ಅಳವಡಿಸಲಾಗಿದೆ. ಗೇಟಿನ ಬಳಿ ಅಳೆದ ನೀರಿನ ಹರಿವು ಸಂಕೇತವಾಗಿ ನಿಯಂತ್ರಣ ಕೊಠಡಿಯನ್ನು ಸೇರುತ್ತದೆ. ಅಂಥ ಸಂಕೇತಕ್ಕೆ ಬೇಕಾದ ಬಿಟ್‌ಗಳು ಕೆಲವೇ. ಅಲ್ಲಿ ವೇಗಕ್ಕಿಂತಲೂ ಮುಖ್ಯವಾದುದು ಒಂದು ಪೊಟ್ಟಣವೂ ದಾರಿಯಲ್ಲಿ ಕಳೆಯದಿರುವುದು.