ಹುಲ್ಲು ಹಾಸುವ ಮೊದಲು ಕೊನ್ನಾರಿಗೊಂದು ಗತಿ ಕಾಣಿಸಿ

ಮುಂಬೈ, ಬೆಂಗಳೂರಿನಲ್ಲಿ ಹೋಟೆಲು ನಡೆಸುವ ನಮ್ಮ ಕುಂದಾಪುರ, ಬೈಂದೂರು ಕಡೆಯವರು ಊರಲ್ಲಿ ಮನೆ ಕಟ್ಟಿದರೆ ಈಗ ತುಳಸಿಕಟ್ಟೆಯ ಸುತ್ತ ಲಾನ್ ಬೇಕೇ ಬೇಕು. ಮನೆಯೊಕ್ಕಲು ಮೇ ತಿಂಗಳಲ್ಲಿ. ಅದಕ್ಕೆ ಹತ್ತು ದಿನ ಇರುವಾಗ ಒಂದು ಲೋಡು ಮಣ್ಣು, ಅದರ ಮೇಲೆ ಮೆಕ್ಸಿಕನ್ ಹುಲ್ಲಿನ ಚಾಪೆ, ಆಮೇಲೆ ಫೋಟೋ. ಜುಲೈಯಲ್ಲಿ ಬಂದು ನೋಡಿದರೆ ಹುಲ್ಲಿಗಿಂತ ಒಂದು ಗೇಣು ಮೇಲೆ ಕೊನ್ನಾರಿ. ನಾನೂ ಹೀಗೇ ಮಾಡಿ ಕೈಸುಟ್ಟುಕೊಂಡವನು. ಬ್ರಹ್ಮಾವರದ ಹತ್ತಿರ ನಮ್ಮ ಅಂಗಳದ ಮೊದಲ ಲಾನ್ ಒಂದು ಮಳೆಗಾಲಕ್ಕೇ ಮುಗಿಯಿತು. ಎರಡನೆಯ ಸಲ ಹುಲ್ಲು ತರುವುದಕ್ಕೆ ದೀಪಾವಳಿಯಿಂದ ನವರಾತ್ರಿಯವರೆಗೆ ಕಾದೆ. ಆ ಹನ್ನೊಂದು ತಿಂಗಳಲ್ಲಿ ಕಲಿತದ್ದು ಇಷ್ಟು.

1. ಮೊದಲು ಕಿತ್ತು ನೋಡಿ, ಆಮೇಲೆ ಆಳು ಕರೆಯಿರಿ

ಮಳೆ ನಿಂತು ಮಣ್ಣು ಇನ್ನೂ ಮೆತ್ತಗಿರುವ ದೀಪಾವಳಿಯ ಹೊತ್ತು ಇದಕ್ಕೆ ಸರಿ. ಅಂಗಳದ ನಾಲ್ಕು ಮೂಲೆಯಲ್ಲಿ ಒಂದೊಂದು ಅಡಿ ಅಗೆದು ನೋಡಿ. ಕಾಂಡವನ್ನು ಎರಡು ಬೆರಳ ನಡುವೆ ಉರುಳಿಸಿದಾಗ ಮೂರು ಮೂಲೆ ಕೈಗೆ ಸಿಕ್ಕಿದರೆ ಅದು ಕೊನ್ನಾರಿ ಇಲ್ಲವೇ ಅದರ ನೆಂಟ. ಗಂಟುಗಂಟಿಗೆ ಬೇರು ಬಿಟ್ಟು ನೆಲಕ್ಕಂಟಿ ಹರಿದದ್ದು ಗರಿಕೆ. ಅಡಿಯಲ್ಲಿ ಸೂಜಿಮೊನೆಯ ಬಿಳಿ ಕಾಂಡ ಓಡಿದ್ದರೆ ದಬ್ಬೆ ಹುಲ್ಲು. ಮೂರಕ್ಕೂ ಮದ್ದು ಬೇರೆ ಬೇರೆ. ಒಂದೆಲಗ ಕಂಡರೆ ಮಾತ್ರ ಬೇರುಸಮೇತ ಎತ್ತಿ ಬಾವಿಕಟ್ಟೆಯ ಪಕ್ಕ ನೆಟ್ಟುಬಿಡಿ. ಲಾನ್ ಆಗದೆ ಹೋದರೂ ತಂಬುಳಿಗಾದರೂ ಆಯಿತು.

2. ಕೊನ್ನಾರಿ ಎಳೆದರೆ ಹೋಗುವ ಜಾತಿಯಲ್ಲ

ನಮ್ಮಲ್ಲಿ ಕೆಲಸಕ್ಕೆ ಬರುತ್ತಿದ್ದ ಅಕ್ಕ ನಾನು ಕೈಯಲ್ಲಿ ಎಳೆಯುವುದನ್ನು ಕಂಡು ನಕ್ಕಿದ್ದರು: “ಹ್ವಾಯ್, ಇದ್ ಎಳೆದ್ರೆ ಹೋಪ್ದಲ್ಲ, ಅಡಿಯಂಗೆ ಮರಿ ಇತ್ತ್ ಕಾಣಿ.” ಅವರು ಹಾರೆಯಿಂದ ಒಂದು ಹೆಂಟೆ ಎಬ್ಬಿಸಿ ಒಡೆದು ತೋರಿಸಿದರು. ಕರಿಮಣಿ ಸರದ ಹಾಗೆ ಒಂದರ ಹಿಂದೊಂದು ಏಳು ಗಡ್ಡೆ, ನಡುವೆ ತಂತಿಯಂಥ ಎಳೆ. ಮೇಲೆ ಎಲೆ ಇದ್ದದ್ದು ಎರಡಕ್ಕೆ ಮಾತ್ರ. ಉಳಿದ ಐದು ಸುಮ್ಮನೆ ಮಲಗಿದ್ದವು. ಮುಂದಿನ ಗಡ್ಡೆ ಬದುಕಿರುವವರೆಗೆ ಹಿಂದಿನವು ಮೊಳೆಯದೆ ಕಾಯುತ್ತವೆ, ಅದು ಸತ್ತಿತೋ ಇವು ಏಳುತ್ತವೆ. ಎಲೆ ಎಳೆದರೆ ಎಳೆ ತುಂಡಾಗುತ್ತದೆ, ಮಲಗಿದವಕ್ಕೆ ನೀವೇ ಎಚ್ಚರಿಕೆಯ ಗಂಟೆ ಹೊಡೆದ ಹಾಗೆ.

ಕಳೆ ವಿಜ್ಞಾನಿಗಳು 1977ರಲ್ಲಿ ಪ್ರಪಂಚದ ಕೆಟ್ಟ ಕಳೆಗಳ ಪಟ್ಟಿ ಮಾಡಿದಾಗ ಕೊನ್ನಾರಿಗೆ ಮೊದಲ ಸ್ಥಾನ ಕೊಟ್ಟರು, ಎರಡನೆಯದು ಗರಿಕೆಗೆ. ಅದೇ ಗಡ್ಡೆಯನ್ನು ಒಣಗಿಸಿ ಭದ್ರಮುಷ್ಟಿ ಎಂಬ ಹೆಸರಲ್ಲಿ ಗ್ರಂಧಿಗೆ ಅಂಗಡಿಯಲ್ಲಿ ಮಾರುತ್ತಾರೆ. ಅಂಗಳದಲ್ಲಿ ಶನಿ, ಕಷಾಯದಲ್ಲಿ ಮದ್ದು.

3. ಇಪ್ಪತ್ತು ದಿನದ ಲೆಕ್ಕ ತಪ್ಪಿಸಬೇಡಿ

ಇಡೀ ಕೆಲಸದ ಗುಟ್ಟು ಇದೊಂದೇ. ಚಿಗುರು ಮೇಲೆ ಬಂದು ಸುಮಾರು ಮೂರು ವಾರಕ್ಕೆ ಕೊನ್ನಾರಿ ಹೊಸ ಗಡ್ಡೆ ಕಟ್ಟಲು ಶುರು ಮಾಡುತ್ತದೆ. ಅಲ್ಲಿಯವರೆಗೆ ಹಳೆ ಗಡ್ಡೆಯ ಗಂಟು ಕರಗಿಸಿಕೊಂಡೇ ಬದುಕುವುದು. ಅಷ್ಟರೊಳಗೆ ಅಗೆದರೆ ಅದಕ್ಕೆ ನಷ್ಟ, ನಾಲ್ಕು ದಿನ ತಡವಾದರೆ ನಿಮಗೆ. ಜನವರಿಯಲ್ಲಿ ನೆಲಕ್ಕೆ ನೀರು ಬಿಟ್ಟು ಮೊಳೆಯಲು ಬಿಡಿ, ಅಗೆಯಿರಿ. ಮತ್ತೆ ನೀರು, ಮತ್ತೆ ಅಗೆತ. ಪಂಚಾಂಗದಲ್ಲಿ ಗುರುತು ಹಾಕಿಡಿ. ಹೆಚ್ಚಿನ ಗಡ್ಡೆಗಳು ಮೇಲಿನ ಅರ್ಧ ಅಡಿಯೊಳಗೇ ಇರುತ್ತವೆ, ಪಾತಾಳ ಅಗೆಯಬೇಕಿಲ್ಲ. ಹೊಯಿಗೆ ಮಣ್ಣಾದರೆ ಕಲ್ಲು ಜರಡಿಯಲ್ಲಿ ಜಾಲಿಸಬಹುದು. ಗೊಚ್ಚು ಮಣ್ಣಿನಲ್ಲಿ ಕಲ್ಲು ಯಾವುದು ಗಡ್ಡೆ ಯಾವುದು ಎಂದು ಹೆಕ್ಕುವಷ್ಟರಲ್ಲಿ ಬೆನ್ನು ಹೋಗುತ್ತದೆ.

4. ಮಾರ್ಚ್, ಏಪ್ರಿಲ್ ಬಿಸಿಲು ಪುಕ್ಕಟೆ ಸಿಗುವ ಆಳು

ಕೊನೆಯ ಎರಡು ಸುತ್ತಿಗೆ ನೀರು ಬೇಡ. ಮಣ್ಣನ್ನು ತಲೆಕೆಳಗು ಮಾಡಿ ಹೆಂಟೆ ಒಡೆದು ಹರವಿ. ಗಡ್ಡೆ ಮಣ್ಣಿನ ಮೇಲೆ ಎರಡು ವಾರ ಬಿಸಿಲಿಗೆ ಬಿದ್ದರೆ ಸುಕ್ಕಿ ಸಾಯುತ್ತದೆ. ಹೆಂಟೆಯೊಳಗೆ ಉಳಿದರೆ ಮುಂದಿನ ಮಳೆಗೆ ಎದ್ದು ಕೂರುತ್ತದೆ.

ಟಿಲ್ಲರ್ ಹೊಡೆಸಬಹುದೇ ಎಂದು ಎಲ್ಲರೂ ಕೇಳುತ್ತಾರೆ. ಗರಿಕೆ, ದಬ್ಬೆ ಇದ್ದರೆ ಖಂಡಿತ ಬೇಡ. ಒಂದು ಕಾಂಡ ಹತ್ತು ತುಂಡು, ಹತ್ತೂ ಗಿಡ. ಕೊನ್ನಾರಿಗೆ ಹೊಡೆಸಬಹುದು, ಆದರೆ ಒಮ್ಮೆ ಹೊಡೆಸಿ ಮುಂಬೈ ಬಸ್ಸು ಹತ್ತುವವರು ಹೊಡೆಸದಿರುವುದೇ ಲೇಸು.

ಹೆಕ್ಕಿದ ಗಡ್ಡೆಯನ್ನು ಗೊಬ್ಬರಗುಂಡಿಗೆ, ತೆಂಗಿನ ಬುಡಕ್ಕೆ ಎಸೆಯಬೇಡಿ. ಒಣಗಿಸಿ ಬಚ್ಚಲ ಒಲೆಗೆ ಹಾಕಿ, ಸ್ನಾನದ ನೀರಾದರೂ ಕಾಯಲಿ.

5. ಪ್ಲಾಸ್ಟಿಕ್ ಹಾಸುವುದಾದರೆ ಯಾವುದಕ್ಕೆ ಎಂದು ತಿಳಿದು ಹಾಸಿ

ಒದ್ದೆ ಮಣ್ಣಿನ ಮೇಲೆ ಪಾರದರ್ಶಕ ಹಾಳೆ ಹೊದಿಸಿ, ಅಂಚಿಗೆ ಮಣ್ಣು ಮೆತ್ತಿ ನಾಲ್ಕರಿಂದ ಆರು ವಾರ ಬಿಸಿಲಿಗೆ ಬೇಯಿಸುವ ಉಪಾಯವನ್ನು ಇಸ್ರೇಲಿನ ವಿಜ್ಞಾನಿಗಳು 1976ರಲ್ಲಿ ಪ್ರಪಂಚಕ್ಕೆ ತಿಳಿಸಿದರು. 25ರಿಂದ 50 ಮೈಕ್ರಾನ್ ದಪ್ಪ ಸಾಕು. ಕಳೆಬೀಜಕ್ಕೆ, ಮೇಲುಮೇಲಿನ ಗರಿಕೆಗೆ ಇದು ಚೆನ್ನಾಗಿ ನಾಟುತ್ತದೆ. ಆಳದ ಕೊನ್ನಾರಿಗೆ ಮಾತ್ರ ಬೆಚ್ಚಗಿನ ಕಂಬಳಿ ಹೊದಿಸಿದ ಹಾಗೆ. ತೆಳ್ಳಗಿನ ಕಪ್ಪು ಹಾಳೆಯನ್ನಂತೂ ಅದರ ಚಿಗುರು ಸೂಜಿಯಂತೆ ಚುಚ್ಚಿ ಮೇಲೆ ಬರುತ್ತದೆ. ಹಾಸುವುದಿದ್ದರೆ ಏಪ್ರಿಲ್ ಮೊದಲ ವಾರವೇ ಹಾಸಿ. ಮೇ ಕೊನೆಯ ಪತ್ತನಾಜೆ ಹತ್ತಿರವಾದರೆ ನಮ್ಮಲ್ಲಿ ಮೋಡದ್ದೇ ಕಾರುಬಾರು.

6. ಬೊಡ್ಡೆಯವನ್ನು ಒಂದೇ ಸಲಕ್ಕೆ ಮುಗಿಸಿ

ಕಮ್ಯುನಿಸ್ಟ್ ಗಿಡ ಸವರಿದರೆ ಸಾಯದು, ಬುಡದಿಂದ ಮತ್ತೆ ಚಿಗುರುತ್ತದೆ. ಪಿಕಾಸಿಯಲ್ಲಿ ಬೊಡ್ಡೆ ಎಬ್ಬಿಸಿ. ಹೂ ಬಿಡುವ ಮೊದಲೇ ಆಗಬೇಕು, ಬೀಜ ಗಾಳಿಯಲ್ಲಿ ತೇಲುತ್ತದೆ. ನಾಚಿಕೆಮುಳ್ಳನ್ನು ಮಣ್ಣು ಒದ್ದೆ ಇರುವಾಗ ತಾಯಿಬೇರು ಸಮೇತ ಎಳೆಯಿರಿ. ಕೈಗೆ ಗೋಣಿ ಸುತ್ತಿಕೊಳ್ಳಿ.

7. ಉಪ್ಪು ಬೇಡ, ಕ್ಯಾನ್ ತರುವ ಮೊದಲು ಬಾವಿ ನೋಡಿ

ಕಳೆಗೆ ಉಪ್ಪು ಸುರಿಯುವವರು ಇನ್ನೂ ಇದ್ದಾರೆ. ಕಳೆ ಸತ್ತರೂ ಅಲ್ಲಿ ಹುಲ್ಲೂ ಏಳದು, ಹೊಯಿಗೆ ನೆಲದಲ್ಲಿ ಆ ಉಪ್ಪು ಇಳಿದು ಬರುವುದು ನಿಮ್ಮದೇ ಬಾವಿಗೆ. ಗ್ಲೈಫೋಸೇಟ್ ಎಂಬ ಕಳೆನಾಶಕ ಹಸಿರೆಲೆಯಿಂದ ಗಡ್ಡೆಗೆ ಇಳಿಯುತ್ತದೆ ನಿಜ, ಆದರೆ ಎಲೆಯಿಲ್ಲದೆ ಮಲಗಿದ ಗಡ್ಡೆಯನ್ನು ಅದು ಮುಟ್ಟುವುದಿಲ್ಲ. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರಕಾರ ಅದರ ಬಳಕೆಯನ್ನು ಪರವಾನಗಿ ಇರುವ ಕೀಟನಿಯಂತ್ರಕರಿಗೆ ಮಾತ್ರ ಸೀಮಿತಗೊಳಿಸಿ ಆದೇಶ ಹೊರಡಿಸಿದೆ. ಮನೆಯಿಂದ ಹತ್ತು ಮಾರಿಗೆ ಬಾವಿ, ಅಂಗಳದಲ್ಲಿ ಮಕ್ಕಳು, ಹಟ್ಟಿಯಲ್ಲಿ ದನ ಇರುವ ನಮ್ಮ ಕಡೆ ನಾನು ಅದನ್ನು ಯಾರಿಗೂ ಹೇಳುವುದಿಲ್ಲ. ಎಕರೆಗಟ್ಟಲೆ ಜಾಗವಿರುವ ರೆಸಾರ್ಟಿನವರು ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿಯೇ ಮುಂದುವರಿಯಲಿ. ಹೋದಾಗ ಮಣ್ಣು ಪರೀಕ್ಷೆಯ ಮಾತೂ ಎತ್ತಿ, ನಮ್ಮ ಮುರಕಲ್ಲು ಮಣ್ಣು ಹುಳಿ. ಎಷ್ಟು ಸುಣ್ಣ ಬೇಕು ಎಂಬುದು ಅಂದಾಜಿನ ಲೆಕ್ಕವಲ್ಲ.

8. ಮಳೆಗಾಲದಲ್ಲಿ ನೆಲವನ್ನು ಬರಿದೇ ಬಿಡಬೇಡಿ

ಕೊನ್ನಾರಿಗೆ ನೆರಳು ಆಗಿಬರದು. ಮೇ ಕೊನೆಯ ಮಳೆಗೆ ಎದ್ದದ್ದನ್ನು ಒಮ್ಮೆ ಹೆರೆದು, ಗದ್ದೆಗೆ ಹಸಿರುಗೊಬ್ಬರವೆಂದು ಬಿತ್ತುವ ಡಯಾಂಚವನ್ನು ಒತ್ತಾಗಿ ಬಿತ್ತಿ. ನೀರು ನಿಂತರೂ ಅದಕ್ಕೆ ಚಿಂತೆಯಿಲ್ಲ. ಆರೇಳು ವಾರಕ್ಕೆ, ಕಾಂಡ ಕಡ್ಡಿಯಾಗುವ ಮೊದಲು, ಕೊಯ್ದು ಅಲ್ಲೇ ಮಣ್ಣಿಗೆ ಸೇರಿಸಿ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಆಜುಬಾಜು ಮಳೆ ಬೀಳುವ ಊರಿದು, ಬರಿ ಮಣ್ಣು ಬಿಟ್ಟರೆ ಅರ್ಧ ತೋಡಿಗೆ ಹೋಗುತ್ತದೆ.

9. ಹೊಸ ಮಣ್ಣಿಗೆ ಬಕೆಟ್ ಪರೀಕ್ಷೆ

ನಾನು ಮೊದಲ ಸಲ ಸೋತದ್ದು ಇಲ್ಲಿ. ನಮ್ಮ ಅಂಗಳದ ಕೊನ್ನಾರಿಯಲ್ಲಿ ಮುಕ್ಕಾಲು ಪಾಲು ಲಾರಿಯಲ್ಲಿ ಬಂದದ್ದು, ನಾನೇ ದುಡ್ಡು ಕೊಟ್ಟು ತರಿಸಿದ್ದು. ಲೋಡು ಹೇಳುವ ಮೊದಲು ಆ ಜಾಗದಿಂದ ಒಂದು ಬುಟ್ಟಿ ಮಣ್ಣು ತನ್ನಿ. ತಳಕ್ಕೆ ತೂತು ಮಾಡಿದ ಹಳೆ ಪೇಂಟ್ ಬಕೆಟ್ಟಿಗೆ ತುಂಬಿ, ದಿನಾ ನೀರು ಹಾಕಿ, ಮೂರು ವಾರ ಬಿಸಿಲಿಗಿಡಿ. ಮೂರು ಮೂಲೆಯ ಚಿಗುರು ಒಂದು ಕಂಡರೂ ಆ ಮಣ್ಣು ಬೇಡ. ಹಟ್ಟಿಗೊಬ್ಬರವೂ ಚೆನ್ನಾಗಿ ಕಳಿತದ್ದೇ ಆಗಬೇಕು.

ಹುಲ್ಲಿನ ಚಾಪೆಯನ್ನು ನರ್ಸರಿಯಲ್ಲೇ ಮಗುಚಿ ನೋಡಿ. ಮಾರುವವರಿಗೆ ಸಿಟ್ಟು ಬಂದರೆ ಬರಲಿ. ಬೇರಿನ ನಡುವೆ ಕಪ್ಪು ಗುಂಡಿಯಂಥದ್ದು ಕಂಡರೆ ಉಗುರಲ್ಲಿ ಗೀರಿ ಮೂಸಿ. ಔಷಧಿ ಅಂಗಡಿಯ ಪರಿಮಳ ಬಂದರೆ ಕೊನ್ನಾರಿ.

10. ಗರಿಕೆಯೇ ತುಂಬಿದ್ದರೆ ಒಮ್ಮೆ ಯೋಚಿಸಿ

ಕುಂಭಾಶಿಯ ಆನೆಗುಡ್ಡೆಗೆ, ಹಟ್ಟಿಯಂಗಡಿಗೆ ಹೋಗುವಾಗ ಗರಿಕೆ ಹುಡುಕಿಕೊಂಡು ಒಯ್ಯುತ್ತೇವೆ. ಅಂಗಳದಲ್ಲಿ ತಾನಾಗಿ ಬಂದರೆ ಕಳೆ. ಬಿಸಿಲು ಚೆನ್ನಾಗಿ ಬೀಳುವ ಜಾಗವಾದರೆ ಅದನ್ನೇ ತಗ್ಗಾಗಿ ಕತ್ತರಿಸುತ್ತ ಬನ್ನಿ, ಅದೇ ಲಾನ್. ಕ್ರೀಡಾಂಗಣಗಳಲ್ಲಿ ಬೆಳೆಸುವ ಬರ್ಮುಡಾ ಹುಲ್ಲು ಇದರದ್ದೇ ಕುಲ. ತೆಂಗಿನ ನೆರಳಿಗೆ ಮಾತ್ರ ಗರಿಕೆಯೂ ಆಗದು, ಮೆಕ್ಸಿಕನ್ನೂ ಸೊರಗುತ್ತದೆ. ಅಲ್ಲಿಗೆ ಅಗಲ ಎಲೆಯ ಬಫಲೋ ಹುಲ್ಲು ಸಾಕು.

11. ಕಡಲಂಚಿನವರು ಕೈ ಹಿಡಿದು ಅಗೆಯಿರಿ

ಮರವಂತೆ, ತ್ರಾಸಿ, ಕೋಡಿ ಕಡೆ ದಂಡೆಯ ಮೇಲೆ ಹಬ್ಬಿದ ಬಂಗುಡೆ ಬಳ್ಳಿ, ರಾವಣನ ಮೀಸೆ ಕಳೆಯಲ್ಲ. ಹೊಯಿಗೆ ದಿಬ್ಬವನ್ನು ಹಿಡಿದಿಟ್ಟಿರುವುದೇ ಅವು. ಕಾಟೇಜಿನ ಮುಂದೆ ಹಸಿರು ಬೇಕೆಂದು ಅವನ್ನು ಕಿತ್ತರೆ ಆಸಾಡಿಯ ಕಡಲಿಗೆ ದಾರಿ ಬಿಟ್ಟುಕೊಟ್ಟ ಹಾಗೆ.

12. ಹಾಸುವುದು ನವರಾತ್ರಿ ಹೊತ್ತಿಗೆ, ಕಾವಲು ಆಮೇಲೂ

ಸೆಪ್ಟೆಂಬರ್ ಕೊನೆಗೆ ಮಳೆಯ ಅಬ್ಬರ ಇಳಿದಿರುತ್ತದೆ, ಮಣ್ಣಲ್ಲಿ ಪಸೆ ಇರುತ್ತದೆ, ಬಿಸಿಲೂ ಬರುತ್ತದೆ. ಮೇಯಲ್ಲಿ ಹಾಸಿದರೆ ಬಾವಿಯಲ್ಲಿ ನೀರಿಲ್ಲ, ಜೂನಲ್ಲಿ ಹಾಸಿದರೆ ಹುಲ್ಲು ಗೇಟಿನಾಚೆ. ನೆಲ ಮಟ್ಟ ಮಾಡಿ ಮೂರು ವಾರ ಸುಮ್ಮನೆ ಬಿಟ್ಟು, ಎದ್ದದ್ದನ್ನು ಹೆಕ್ಕಿಯೇ ಹಾಸಿ. ಆಮೇಲಿನ ಒಂದು ವರ್ಷ ವಾರಕ್ಕೊಮ್ಮೆ ಅಡುಗೆಮನೆಯ ಹಳೆ ಚೂರಿ ಹಿಡಿದು ಕೂತು, ಕಂಡ ಚಿಗುರನ್ನು ಗಡ್ಡೆಸಮೇತ ತೆಗೆಯಿರಿ. ಮೆಷಿನ್ನಲ್ಲಿ ಕತ್ತರಿಸಿದರೆ ಅದು ಕಾಣದೆ ಹೋಗುತ್ತದೆ, ಸಾಯುವುದಿಲ್ಲ.

ಈ ಚೌತಿಗೆ ನಮ್ಮ ಅಂಗಳದಲ್ಲಿ ಸಿಕ್ಕಿದ್ದು ಮೂರು ಚಿಗುರು. ಮೂರೂ ಗೇಟಿನ ಹತ್ತಿರ, ಅಂದು ಮಣ್ಣಿನ ಲಾರಿ ನಿಂತಿದ್ದ ಜಾಗದಲ್ಲಿ.